ಬೇಕೆಂದೇ ತಪ್ಪಿದ ಹೊಲಿಗೆ

ನಮ್ಮ ಚಿಕ್ಕಮ್ಮ ದರ್ಜಿ. ಮೂವತ್ತು ವರ್ಷದಲ್ಲಿ ಅವಳು ಹೊಲಿದ ಬಟ್ಟೆ ಒಂದೂ ವಾಪಸ್ ಬಂದಿರಲಿಲ್ಲ; ಆ ಜಂಬವನ್ನು ಅವಳು ಮುಚ್ಚಿಡುವವಳೂ ಅಲ್ಲ. ಆದರೆ ಚರ್ಚಿನೊಳಗೆ ಕಾಲಿಟ್ಟರೆ ಹಿಂದಿನ ಬೆಂಚೇ ಗತಿ. ಅವಳು ಹಾಡಿದರೆ ಪಕ್ಕದವರ ರಾಗವೂ ದಾರಿ ತಪ್ಪುತ್ತದೆ. ಎಲ್ಲರೆದುರು ಪ್ರಾರ್ಥಿಸಲು ನಿಂತರೆ ಮೂರನೇ ಮಾತಿಗೆ ನಾಲಿಗೆ ಒಣಗುತ್ತದೆ. ಸಭೆಯ ಸೇವೆಗೆಂದು ದೇವರು ನಿಮಗೆ ಯಾವ ವರ ಕೊಟ್ಟಿದ್ದಾನೆ, ಬರೆದುಕೊಡಿ ಎಂದು ಪಾಸ್ಟರ್ ಚೀಟಿ ಹಂಚಿದಾಗ ಅವಳು ಖಾಲಿ ಚೀಟಿಯನ್ನೇ ಮಡಚಿ ಕೊಟ್ಟಳು.

"ಹೊಲಿಗೆ ಅಂತ ಬರೀಬಾರದಿತ್ತಾ?" ಅಂದೆ.

"ಹೊಟ್ಟೆಪಾಡಿಗೆ ಮಾಡೋದನ್ನ ವರ ಅಂತಾರೇನೆ? ಸುಮ್ನಿರು."

ಆ ವರ್ಷ ಚರ್ಚಿನ ಕ್ವಾಯರಿನಲ್ಲಿ ಹಾಡುವ ನಮಗೆಲ್ಲ ಹೊಸ ನಿಲುವಂಗಿ ಹೊಲಿಯುವ ಕೆಲಸ ಅವಳಿಗೇ ಬಂತು. ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಅವಳು ಟೇಪು ಹಿಡಿದಳು, ನಾನು ಅಳತೆ ಪುಸ್ತಕ ಹಿಡಿದೆ. ಆರ್ಗನ್ ನುಡಿಸುವ ಟೀಚರ್ ಸರದಿ ಬಂತು. ನಿವೃತ್ತರು, ಒಂಟಿ ಜೀವ, ಮಾತು ಕಡಿಮೆ. ನಾಲ್ಕು ತಿಂಗಳ ಹಿಂದೆ ಕೋಟು ಹೊಲಿಸಲು ಕೊಟ್ಟ ಅಳತೆಗಿಂತ ಸೊಂಟ ಐದು ಇಂಚು ಕಡಿಮೆ! "ಟೀಚರ್, ಈ ಗುಟ್ಟು ನಮಗೂ ಹೇಳಿಕೊಡಿ" ಎಂದು ನಾನು ಹಲ್ಲು ಕಿರಿದೆ. ಎಲ್ಲರೂ ನಕ್ಕರು, ಟೀಚರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ, ಇನ್ನೊಮ್ಮೆ ಟೇಪು ಸುತ್ತಿ ನೋಡಿದಳು. ನನ್ನ ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರು ದಿನದ ನಂತರ ಅವಳು ನಿಲುವಂಗಿ ಹಿಡಿದು ಟೀಚರ್ ಮನೆಗೆ ಹೊರಟಳು, ಜೊತೆಗೆ ನಾನೂ. ತೋಳು ಬಿಗಿ. "ಅಯ್ಯೋ, ತಪ್ಪಾಯ್ತು" ಎಂದು ವಾಪಸ್ ತಂದಳು. ಮುಂದಿನ ವಾರ ಕತ್ತು ಸಡಿಲ. ಅದರ ಮುಂದಿನ ವಾರ ಕೆಳಗಿನ ಅಂಚು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಹೋದಾಗಲೆಲ್ಲ ಬಿಸಿ ಸೂಪು ಒಯ್ಯುತ್ತಿದ್ದಳು. ಟೀಚರ್ "ಆಮೇಲೆ ಕುಡೀತೀನಿ" ಎಂದು ಬದಿಗಿಡುತ್ತಿದ್ದರು. ಇತ್ತ ಕ್ವಾಯರಿನಲ್ಲಿ, ಪಾಪ, ಚಿಕ್ಕಮ್ಮನಿಗೆ ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂಬ ಗುಸುಗುಸು ಶುರುವಾಯಿತು. ನನಗೆ ಮೈಯೆಲ್ಲ ಉರಿಯಿತು.

"ನಿನ್ನ ಹೆಸರು ಹಾಳಾಗ್ತಿದೆ ಚಿಕ್ಕಮ್ಮ!"

"ಸರಿಯಾಗಿ ಹೊಲಿದುಕೊಟ್ರೆ ಮತ್ತೆ ಹೋಗೋಕೆ ನೆಪ ಎಲ್ಲಿದೆ? ಮೈಗೇನಾಗಿದೆ ಅಂತ ನೇರವಾಗಿ ಕೇಳಿದ್ರೆ ಅವರು ಬಾಗಿಲು ಹಾಕ್ಕೊಳ್ತಾರೆ ಕಣೆ."

ನಾಲ್ಕನೆಯ ಸಲ ಚಿಕ್ಕಮ್ಮ ನೆಲದ ಮೇಲೆ ಕೂತು ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದಾಗ ಟೀಚರ್ ಕುರ್ಚಿಯಲ್ಲಿ ಕುಸಿದರು. ಗಂಟಲಲ್ಲಿ ಏನೋ ಅಡ್ಡ, ಎರಡು ತಿಂಗಳಿಂದ ಗಟ್ಟಿ ಆಹಾರ ಇಳಿದಿಲ್ಲ, ತಮ್ಮ ಅಮ್ಮನೂ ಹೀಗೇ ತೀರಿಕೊಂಡಿದ್ದರು, ಆಸ್ಪತ್ರೆ ಅಂದರೆ ಜೀವ ಹಾರುತ್ತದೆ ಎಂದರು. ಚಿಕ್ಕಮ್ಮ ಸೂಜಿ ಅಲ್ಲೇ ಬಿಟ್ಟು ಅವರ ಚಪ್ಪಲಿ ತಂದಿಟ್ಟಳು.

"ನಾನಿದ್ದೀನಿ. ಏಳಿ ಟೀಚರ್."

ಗಡ್ಡೆ ಇತ್ತು. ಇನ್ನೂ ಕಾಲ ಮಿಂಚಿಲ್ಲ, ತೆಗೆಯಬಹುದು ಎಂದರು ಡಾಕ್ಟರು. ತೆಗೆದರು.

ಆಸ್ಪತ್ರೆಗೆ ನೋಡಲು ಬಂದ ಪಾಸ್ಟರ್, "ಇಷ್ಟು ಜನ ಇದ್ವಲ್ಲ ಟೀಚರ್, ಯಾರಿಗೂ ಯಾಕೆ ಹೇಳ್ಲಿಲ್ಲ?" ಎಂದು ನೊಂದುಕೊಂಡರು.

ಟೀಚರ್ ದನಿ ಇನ್ನೂ ಪಿಸುಮಾತಿನಷ್ಟೇ. "ಮೂರು ಸಲ ಬಂದು ನಿಲ್ಲಿಸಿದ್ರೆ ಇವರಿಗೂ ಹೇಳ್ತಿರಲಿಲ್ಲ. ಇವರು ನಾಲ್ಕನೇ ಸಲ ಬಂದ್ರು."

ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿ ಗಳಗಳ ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.