ಅವ್ವನ ಬಾಯಿ, ನನ್ನ ಉತ್ತರ

ನಾನೊಂದು ಸಂಶೋಧನೆ ಕೆಡಿಸಿದ್ದೇನೆ. ಅದೂ ಬೇರೆಯವರದು. ಅದಕ್ಕೆ ಲ್ಯಾಬ್ ಬೇಕಾಗಲಿಲ್ಲ, ಬುದ್ಧಿಯೂ ಬೇಕಾಗಲಿಲ್ಲ. ನಮ್ಮ ಮನೆಯ ಸೋಫಾ ಮೇಲೆ ಕೂತು ‘ಇಲ್ಲ’ ಅಂದೆ. ಅಷ್ಟೇ.

ನಾಲ್ಕು ತಿಂಗಳ ಹಿಂದಿನ ಮಾತು. ಭಾನುವಾರ. ಹಿನಕಲ್‌ನ ನಮ್ಮ ಮನೆಗೆ ನನ್ನ ಸಹೋದ್ಯೋಗಿ ವಸುಧಾ ಬಂದಿದ್ದರು, ಮಗಳ ಮದುವೆಗೆ ಕರೆಯಲು. ಪಿಯು ಕಾಲೇಜಿನಲ್ಲಿ ನಾನು ಕಾಮರ್ಸ್, ಅವರು ಇಂಗ್ಲಿಷ್. ಸಿದ್ಧಾರ್ಥನಗರದವರು. ಮುತ್ತಾತನ ಕಾಲದಲ್ಲೇ ಅರಮನೆಯಲ್ಲಿ ಉದ್ಯೋಗ, ಮನೆ ತುಂಬ ಪುಸ್ತಕ. ನಮ್ಮ ಮನೆಯಲ್ಲಿ ಡಿಗ್ರಿಯ ಮುಖ ಕಂಡವಳು ನಾನೇ ಮೊದಲು. (ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ! ನಿಮಗೇ ಬೇಜಾರಾಗಿರಬೇಕು.) ಅವರು ಬರುತ್ತಾರೆಂದು ಬೆಳಿಗ್ಗೆ ಎದ್ದವಳೇ ಸೋಫಾ ಕವರ್ ಬದಲಾಯಿಸಿದ್ದೆ. ಅವ್ವನ ಸೀರೆಯನ್ನೂ ಬದಲಾಯಿಸಿದ್ದೆ.

ಅವಳ ಸೊಂಟದ ಚೀಲವನ್ನು ಮಾತ್ರ ಏನೂ ಮಾಡಲಾಗಲಿಲ್ಲ. ನೀಲಿ ಬಟ್ಟೆಯ ಎಲಡಿಕೆ ಚೀಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದು ಚೂರು ಹೊಗೆಸೊಪ್ಪು. ಎಲ್ಲ ಮಡಚಿ ಎಡಗೆನ್ನೆಗೆ ಸೇರಿಸಿಕೊಂಡರೆ ಅವ್ವನ ಮುಖಕ್ಕೊಂದು ಉಬ್ಬು ಬರುತ್ತದೆ. ಚಿಕ್ಕವಳಿದ್ದಾಗ ನಾಟಿ ಗದ್ದೆಯಲ್ಲಿ ಇಪ್ಪತ್ತು ಹೆಂಗಸರು ಬಗ್ಗಿ ನಿಂತಿದ್ದರೂ ಆ ಉಬ್ಬು ನೋಡಿ ಅವ್ವನನ್ನು ಗುರುತು ಹಿಡಿಯುತ್ತಿದ್ದೆ.

ಕಾಫಿ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಬಿಳಿ ಕೋಟಿನ ಹುಡುಗಿ. ಡಾಕ್ಟರ್ ಸಹನಾ, ನಗರದ ಒಂದು ಡೆಂಟಲ್ ಕಾಲೇಜಿನಲ್ಲಿ ಪಿಜಿ ಮಾಡುತ್ತಿರುವವಳು. ಕೈಯಲ್ಲಿ ಫಾರಂಗಳ ಕಟ್ಟು, ಜೇಬಿನಲ್ಲಿ ಟಾರ್ಚು, ಬಾಯಿ ನೋಡುವ ಪುಟ್ಟ ಕನ್ನಡಿ. ಅಡಿಕೆ, ತಂಬಾಕು ಜಗಿಯುವವರ ಬಾಯೊಳಗೆ ಏನೇನು ಬದಲಾವಣೆ ಆಗುತ್ತದೆ ಅನ್ನುವುದು ಅವಳ ಸಂಶೋಧನೆ. ಅರವತ್ತು ದಾಟಿದವರಿರುವ ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದಳು.

“ಅಜ್ಜಿ ಏನಾದ್ರೂ ಜಗೀತಾರಾ ಮೇಡಂ? ಎಷ್ಟು ವರ್ಷದಿಂದ? ಯಾವ ಕೆನ್ನೇಲಿ ಇಟ್ಕೋತಾರೆ?”

ಯಾವ ಕೆನ್ನೆ! ಇದೂ ಒಂದು ಸಂಶೋಧನೆಯ ಪ್ರಶ್ನೆಯೇ ಅಂತ ನನಗೆ ನಗು ಬಂತು. ನಗುವಿನ ಹಿಂದೆಯೇ ಗಾಬರಿ. ವಸುಧಾ ಕಪ್ಪು ಹಿಡಿದು ಕುತೂಹಲದಿಂದ ಕೇಳಿಸಿಕೊಳ್ಳುತ್ತಿದ್ದಾರೆ. ಅವ್ವನ ಬಾಯಲ್ಲಿ ಎಲಡಿಕೆ ಇದೆ. ಒಳಗೆ ಹೋಗು ಅಂತ ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಎದ್ದು ಹಿತ್ತಲಿಗೆ ಹೋದಳು.

“ನಮ್ಮಮ್ಮನಿಗೆ ಅಂಥ ಅಭ್ಯಾಸ ಇಲ್ಲ” ಅಂದೆ.

ನಮ್ಮಮ್ಮ! ನಾನು ಹುಟ್ಟಿದಾಗಿನಿಂದ ಅವಳನ್ನು ಅವ್ವ ಅನ್ನದೆ ಬೇರೇನೂ ಕರೆದವಳಲ್ಲ. ಒಂದೇ ವಾಕ್ಯದಲ್ಲಿ ಎರಡು ಸುಳ್ಳು.

ಅಷ್ಟರಲ್ಲಿ ಅವ್ವ ಬಾಯಿ ಮುಕ್ಕಳಿಸಿ, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಬಂದಳು. ಬಂದವಳು ನನ್ನ ಪಕ್ಕ ಕೂರದೆ ನೇರ ಡಾಕ್ಟರ ಹತ್ತಿರ ಹೋದಳು. “ಹಲ್ಲಿನ್ ಡಾಕ್ಟ್ರಂತೆ ನೀನು? ಇದೊಂದ್ ನೋಡವ್ವ. ಖಾರ ತಾಕುದ್ರೆ ಉರೀತದೆ, ಬೆಂಕಿ ಇಟ್ಟಂಗೆ…”

“ಹೀಟ್ ಆಗಿರುತ್ತೆ ಬಿಡಮ್ಮ” ಅಂತ ಮಧ್ಯೆ ಬಾಯಿ ಹಾಕಿದೆ.

“ಒಂದ್ನಿಮಿಷ ಟಾರ್ಚ್ ಹಾಕಿ ನೋಡ್ಬಿಡ್ತೀನಿ ಮೇಡಂ.”

“ಬೇಡಮ್ಮ. ಮೊನ್ನೆ ತಾನೇ ಡೆಂಟಿಸ್ಟ್ ಹತ್ರ ತೋರಿಸ್ಕೊಂಡು ಬಂದ್ವಿ.”

ಮೂರನೆಯ ಸುಳ್ಳು. ಅವ್ವ ನನ್ನ ಮುಖ ನೋಡಿದಳು, ಬಾಯಿ ಮುಚ್ಚಿದಳು. ಸಹನಾ ‘ಇಲ್ಲ’ ಅನ್ನುವ ಚೌಕಕ್ಕೆ ಟಿಕ್ ಹಾಕಿ, ಯಾವಾಗ ಬೇಕಾದರೂ ಬನ್ನಿ ಅಂತ ಒಂದು ಚೀಟಿ ಕೊಟ್ಟು ಹೋದಳು. ಚೀಟಿಯನ್ನು ಫ್ರಿಜ್ ಮೇಲಿಟ್ಟೆ.

ಗೇಟಿನ ತನಕ ಕಳಿಸಲು ಹೋದಾಗ ವಸುಧಾ ಚಪ್ಪಲಿ ಮೆಟ್ಟುತ್ತಾ ಹೇಳಿದರು: “ನಿಮ್ಮಮ್ಮನ ಸೊಂಟದಲ್ಲಿ ಎಲಡಿಕೆ ಚೀಲ ನೋಡಿ ನಮ್ಮಜ್ಜಿ ನೆನಪಾದ್ರು ಕಣ್ರೀ. ಅವರದ್ದು ನಶ್ಯ. ಒಂದು ಚಿಟಿಕೆ ಏರಿಸದೆ ಪುಸ್ತಕಾನೇ ತೆಗೀತಿರ್ಲಿಲ್ಲ. ಆ ಬೆಳ್ಳಿ ಡಬ್ಬಿಗೆ ನಮ್ಮ ಮನೇಲಿ ಇವತ್ತಿಗೂ ಜಗಳ!”

ನಕ್ಕರು. ಆ ನಗುವಿನಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಎಲ್ಲ ನೋಡಿಯೂ ನನ್ನ ಮರ್ಯಾದೆ ಉಳಿಸಿ, ಗೇಟಿನ ಹತ್ತಿರ ಮೆಲ್ಲಗೆ ನನಗೊಂದು ದಾರಿ ಮಾಡಿಕೊಟ್ಟರು: ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ ಕಣ್ರೀ ಅಂತ. ಆಗಲಾದರೂ ಓಡಿಹೋಗಿ ಆ ಹುಡುಗಿಯನ್ನು ಕರೆಯಬಹುದಿತ್ತು. ಪಕ್ಕದ ಮನೆಯಲ್ಲೇ ಇದ್ದಳು. ಕರೆದೆನೇ?

ಅವರ ಅಜ್ಜಿಯ ನಶ್ಯ ಅವರಿಗೆ ಹೇಳಿಕೊಳ್ಳುವ ಕತೆ. ನನ್ನ ಅವ್ವನ ಹೊಗೆಸೊಪ್ಪು ಮಾತ್ರ ನನಗೆ ಕಳಂಕ. ಹಾಗಂತ ನನಗೆ ಹೇಳಿಕೊಟ್ಟವರಾದರೂ ಯಾರು? ವಸುಧಾ ಅಲ್ಲ. ನಾನೇ ಓದಿ, ನಾನೇ ಕಲಿತದ್ದು.

ಹೋದ ತಿಂಗಳು ಅವ್ವ ಸಾರು ಬಿಟ್ಟಳು. ಮುದ್ದೆಗೆ ಮಜ್ಜಿಗೆ ಹಾಕಿಕೊಳ್ಳತೊಡಗಿದಳು. ವಯಸ್ಸಾಯಿತಲ್ಲ ಅಂದುಕೊಂಡೆ. (ಮನೆಯ ಹಿರಿಯರ ಎಲ್ಲ ಕಾಯಿಲೆಗೂ ನಾವು ಕೊಡುವ ಒಂದೇ ಡಯಾಗ್ನೋಸಿಸ್.) ಒಂದು ಮಧ್ಯಾಹ್ನ ಅವಳ ಎದುರಿಗೆ ಊಟಕ್ಕೆ ಕೂತೆ. ನಮ್ಮವ್ವ ಮುದ್ದೆಯ ತುತ್ತು ಮುರಿದು, ಅದ್ದಿ, ನುಂಗುವುದನ್ನು ನೋಡುವುದೇ ಒಂದು ಚೆಂದ. ಅವತ್ತು ಅವಳು ಮುದ್ದೆಯನ್ನು ಕಡಲೆಕಾಳಿನಷ್ಟು ಚಿಕ್ಕದಾಗಿ ಮುರಿದು, ಬೆರಳ ತುದಿಯಿಂದ ತುಟಿಯ ಸಂದಿಗೆ ತಳ್ಳುತ್ತಿದ್ದಳು.

“ಬಾಯಿ ತೆಗಿ ಅವ್ವ.”

ತೆಗೆದಳು. ಅರ್ಧಕ್ಕೇ ನಿಂತಿತು.

“ಎಷ್ಟು ದಿವಸದಿಂದ ಹಿಂಗೆ?”

“ಆ ಹಲ್ಲಿನ್ ಡಾಕ್ಟ್ರಮ್ಮ ಬಂದಿರ್ನಿಲ್ವಾ, ಅದುಕ್ಕೂ ಮುಂಚಿಂದ.”

“ಹೇಳೋಕೆ ಏನಾಗಿತ್ತು ನಿಂಗೆ?”

“ಯೋಳಕ್ ಹೋದ್ನಲ್ಲ ಮಗ. ನೀನೇ ಬ್ಯಾಡ ಅಂದ್ಬುಟ್ಟೆ.”

ಹೋದ ಗುರುವಾರ ಕಾಲೇಜಿಗೆ ರಜೆ ಹಾಕಿ, ಫ್ರಿಜ್ ಮೇಲಿನ ಧೂಳು ಹಿಡಿದ ಚೀಟಿ ತೆಗೆದುಕೊಂಡು, ಅವ್ವನನ್ನು ಆಟೋ ಹತ್ತಿಸಿದೆ.

ಸಹನಾ ನೋಡಿದ ಕೂಡಲೇ ಗುರುತು ಹಿಡಿದಳು. ಅವ್ವನನ್ನು ಬೆಂಚಿನ ಮೇಲೆ ಕೂರಿಸಿ, ಆ ಹುಡುಗಿಯನ್ನು ಕಾರಿಡಾರಿನ ತುದಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. “ಅವತ್ತು ಸುಳ್ಳು ಹೇಳಿದ್ದೆ. ಆ ಫಾರಂ ತಿದ್ದಿಬಿಡಮ್ಮ.”

“ಆಗಲ್ಲ ಮೇಡಂ. ಫಾರಂ ಮೇಲೆ ಹೆಸರು, ಅಡ್ರೆಸ್ ಏನೂ ಇರಲ್ಲ. ಬರೀ ನಂಬರ್. ನಿಮ್ಮನೇದು ಯಾವ್ದು ಅಂತ ನಂಗೂ ಗೊತ್ತಾಗಲ್ಲ.”

“ಹೆಸರು ಯಾಕೆ ಬರ್ಕೊಳ್ಳಲ್ಲ ನೀವು?”

ಆಕೆ ಕೈಯಲ್ಲಿದ್ದ ಗ್ಲೌಸ್ ನೋಡುತ್ತಾ ಹೇಳಿದಳು: “ಹೆಸರಿದ್ರೆ ಜನ ಮರ್ಯಾದೆಗೆ ಅಂಜಿ ನಿಜ ಹೇಳಲ್ಲ ಅಂತ.”

ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ನಗುವ ಹಲ್ಲಿನ ಪೋಸ್ಟರ್ ಇತ್ತು.

“ಬೇಜಾರು ಮಾಡ್ಕೋಬೇಡಿ. ಕೂಲಿ ಮಾಡೋ ಅಜ್ಜಿಯರು ಚೀಲ ಬಿಚ್ಚಿ ತೋರಿಸ್ತಾರೆ. ಡಾಕ್ಟ್ರೇ ನೀವೂ ಒಂದು ಹಾಕಿ ಅಂತಾರೆ! ನಮಗೆ ಕಷ್ಟ ಆಗೋದು ಮಕ್ಕಳು ಓದಿರೋ ಮನೇಲಿ. ಅಲ್ಲಿ ಅಜ್ಜಿಯರು ಮಾತೇ ಆಡಲ್ಲ. ಮಕ್ಕಳೇ ಆಡ್ತಾರೆ.”

ನಾಳೆ ಇವಳ ಸಂಶೋಧನೆ ಅಚ್ಚಾಗುತ್ತದೆ. ಅದನ್ನು ನಂಬಿ ಯಾರೋ ಇನ್ಯಾರದೋ ಬಾಯಿಗೆ ಔಷಧಿ ಹುಡುಕುತ್ತಾರೆ. ಅದರೊಳಗೆ ಎಲ್ಲೋ ಒಂದು ಕಡೆ, ಜೀವಮಾನವಿಡೀ ಹೊಗೆಸೊಪ್ಪು ಜಗಿದ ನಮ್ಮವ್ವ ಏನನ್ನೂ ಜಗಿಯದ ಹೆಂಗಸಾಗಿ ಕೂತಿರುತ್ತಾಳೆ. ಅವಳನ್ನು ಅಲ್ಲಿಂದ ಎಬ್ಬಿಸಿ ತರಲು ನನಗೂ ಆಗುವುದಿಲ್ಲ, ಸಹನಾಗೂ ಆಗುವುದಿಲ್ಲ.

ಕುರ್ಚಿಯಲ್ಲಿ ಮಲಗಿಸಿದರು. “ಮೂರು ಬೆರಳು ನಿಲ್ಲಿಸಿ ಬಾಯಲ್ಲಿಡಿ ಅಜ್ಜಿ” ಅಂದಳು ಸಹನಾ. ಸರಿಯಾಗಿ ತೆರೆಯುವ ಬಾಯಿಗೆ ಅಷ್ಟು ಹಿಡಿಸಬೇಕಂತೆ. ಅವ್ವನ ಬಾಯಿಗೆ ಒಂದೂವರೆ ಹಿಡಿಯಿತು. ಎಡಗೆನ್ನೆಯ ಒಳಗೆ ಬಿಳಿ ಕಲೆ, ಸುತ್ತ ಗಟ್ಟಿ. ನಾನು ನಗಾಡಿದ ಪ್ರಶ್ನೆ ನೆನಪಾಯಿತು. ಯಾವ ಕೆನ್ನೆ? ಅಲ್ಲೇ, ಸರಿಯಾಗಿ ಅಲ್ಲೇ.

ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಬುಧವಾರ ರಿಪೋರ್ಟ್. ಕ್ಯಾನ್ಸರ್ ಇರಲಾರದು, ಇದ್ದರೂ ಇರಬಹುದು, ಈಗಲೇ ಏನೂ ಹೇಳುವ ಹಾಗಿಲ್ಲ ಅಂದಿದ್ದಾರೆ. ನಾಲ್ಕು ತಿಂಗಳ ಹಿಂದೆಯೇ ಬಂದಿದ್ದರೆ? ಕೇಳಿದೆ. “ಬೇಗ ಬಂದಷ್ಟೂ ಒಳ್ಳೇದು ಮೇಡಂ” ಅಂದಳು. ಅಷ್ಟೇ ಅಂದಳು, ಪುಣ್ಯಾತ್ಗಿತ್ತಿ.

ಆಟೋದಲ್ಲಿ ಬರುವಾಗ ಕೇಳಿದೆ, ಯಾಕವ್ವ ಆ ಹಾಳು ಸೊಪ್ಪು ಕಲಿತೆ ಅಂತ. “ಹೊಟ್ಟೆ ಕಟ್ತದೆ ಕಣ್ಮಗ. ಎರಡು ಕಿತ ಹಾಕುದ್ರೆ ಮಧ್ಯಾನ ಹಸಿವೇ ಆಗಕಿಲ್ಲ” ಅಂದಳು. ಆ ಮಧ್ಯಾಹ್ನಗಳ ಊಟ ಎಲ್ಲಿ ಹೋಗುತ್ತಿತ್ತು ಅಂತ ನನಗೆ ಗೊತ್ತು. ನನ್ನ ಸ್ಕೂಲ್ ಬ್ಯಾಗಿನಲ್ಲಿ ಹೋಗುತ್ತಿತ್ತು. ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ನೇತುಹಾಕಿದ್ದೇನೆ. ಆ ಭಾನುವಾರ ಅದರ ಕೆಳಗೇ ಕೂತು ‘ಇಲ್ಲ’ ಅಂದಿದ್ದೆ.

ಒಂದು ಮಾತು ಬಿಟ್ಟೆ. ಬೇಕೆಂದೇ ಬಿಟ್ಟಿದ್ದೆ. ಬರೆಯದಿದ್ದರೆ ಇದು ನಾಲ್ಕನೆಯ ಸುಳ್ಳಾಗುತ್ತದೆ.

ಕುರ್ಚಿಯಲ್ಲಿ ಮಲಗಿಸುವ ಮೊದಲು ಸಹನಾ ಹೊಸ ಕೇಸ್ ಶೀಟ್ ತೆಗೆದು, ಪೆನ್ನು ಹಿಡಿದು, ಅವ್ವನನ್ನೇ ನೇರವಾಗಿ ಕೇಳಿದಳು: “ಹೊಗೆಸೊಪ್ಪು ಹಾಕ್ತೀರಾ ಅಜ್ಜಿ?”

ಅವ್ವ ಡಾಕ್ಟರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು.

“ಏನಂತ ಯೋಳ್ಲಿ ಮಗ?”