ಗೋಲಿನ ಹಿಂದೆ ನಿಂತವನು

ದಾಂಡೇಲಿಯಲ್ಲಿ ನಮಗೆ ಹಾಕಿ ಆಟ ಮುಗಿಯುವುದು ಕೊನೆಯ ಸೀಟಿ ಊದಿದಾಗಲ್ಲ. ಮೈದಾನದ ಗೇಟಿನ ಎದುರು ಒಂದು ಚಹಾದಂಗಡಿ ಇದೆ. ಅಲ್ಲಿ ನಾವು ಎಂಟು ಹತ್ತು ಜನ ಕುಳಿತು, ನಮ್ಮ ತಂಡದ ಹನ್ನೊಂದು ಜನಕ್ಕೂ ಹತ್ತರಲ್ಲಿ ಇಷ್ಟು ಎಂದು ಮಾರ್ಕು ಹಾಕಿದ ಮೇಲೆಯೇ ಆಟ ಮುಗಿಯುವುದು. ಅಂಗಡಿಯ ಹಲಗೆ ಬಾಗಿಲಿನ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಜರ್ಸಿಯ ನಂಬರು, ಅದರ ಪಕ್ಕ ಮಾರ್ಕು. ಎಲ್ಲರ ಕೆಳಗೆ ಒಂದು ಗೆರೆ ಎಳೆದು ಅಂಪೈರನಿಗೂ ಹಾಕುತ್ತೇವೆ. ನಾವು ಗೆದ್ದರೆ ಅಂಪೈರನಿಗೆ ಆರು, ಸೋತರೆ ಎರಡು. ನಮ್ಮ ನ್ಯಾಯ ಅಷ್ಟೇ. ಮುಂದಿನ ಆಟದ ತನಕ ಅದನ್ನು ಒರೆಸಲು ಅಂಗಡಿಯವನಿಗೂ ಹಕ್ಕಿಲ್ಲ.

ನಮ್ಮಲ್ಲಿ ಸ್ಟಿಕ್ ಹಿಡಿದು ಆಡಿದವರು ಇಬ್ಬರೇ. ಉಳಿದವರು ಬಾಯಲ್ಲೇ ಆಡಿದವರು, ನಾನೂ ಸೇರಿ. ಆದರೂ ಸೆಂಟರ್ ಹಾಫ್ ಎಡಕ್ಕೆ ತಿರುಗುವುದು ನಿಧಾನ, ಗೋಲ್‌ಕೀಪರ್ ಕೆಳಗಿನ ಚೆಂಡಿಗೆ ಹೆದರುತ್ತಾನೆ ಎಂದು ದೊಡ್ಡ ಡಾಕ್ಟರರ ಗತ್ತಿನಲ್ಲಿ ಹೇಳುತ್ತೇವೆ. ಪಾಪ, ಆ ಹುಡುಗರು ಆಟ ಮುಗಿಸಿ ಅಂಗಡಿ ಮುಂದೆ ಹಾದು ಹೋಗುವಾಗ ಬಾಗಿಲಿನ ಕಡೆ ಕಳ್ಳನೋಟ ನೋಡಿಯೇ ಹೋಗುತ್ತಾರೆ.

ಈ ಗುಂಪಿನಲ್ಲಿ ನನಗೆ ಎರಡು ಹೆಸರಿದ್ದವು. ಒಂದು ಮರ್ಯಾದೆಯದು. ಕಾಗದದ ಮಿಲ್ಲಿನಲ್ಲಿ ನನ್ನ ಕೆಲಸ ಹಾಳೆ ನೋಡುವುದು. ಕಟ್ಟಿನ ಮೂಲೆ ಹಿಡಿದು ಸರಸರ ಮಗುಚುತ್ತ, ಕಲೆ ಬಿದ್ದದ್ದು, ಸುಕ್ಕಾದದ್ದು ಕಂಡರೆ ಎಳೆದು ಹೊರಗೆ ಹಾಕಬೇಕು. ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಹಾಗಾಗಿ ಏನಾದರೂ ತಕರಾರು ಬಂದರೆ ನನ್ನ ಕಣ್ಣಿಗೆ ಬೆಲೆ. ನಾನು ಯಾವಾಗಲೂ ಎದುರಾಳಿಯ ಗೋಲಿನ ಬಲೆಯ ಹಿಂದೆಯೇ ನಿಲ್ಲುತ್ತೇನೆ, ಅದೂ ಎಲ್ಲರಿಗೂ ಗೊತ್ತು. ಇನ್ನೊಂದು ಹೆಸರು ಚೇಷ್ಟೆಯದು. ನನ್ನ ಹೆಂಡತಿಯ ತವರು ಹಳಿಯಾಳ. ಹಳಿಯಾಳದ ತಂಡದಲ್ಲಿ ಯಾರನ್ನಾದರೂ ಒಳ್ಳೆಯ ಆಟಗಾರ ಎಂದೆನೋ, ಮುಗಿಯಿತು, ಅತ್ತೆಮನೆ ಊಟ ಮಾತಾಡುತ್ತಿದೆ ಎಂದು ಎಲ್ಲರೂ ನಗುತ್ತಿದ್ದರು. ಅಳಿಯಾರು, ಅಳಿಯಾರು ಎಂದು ಕರೆದು ಕರೆದು ನನ್ನನ್ನು ಸಾಕಷ್ಟು ಹುರಿದಿದ್ದಾರೆ. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು ಎನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷದ ಫೈನಲ್ ಹಳಿಯಾಳದ ತಂಡದ ಜೊತೆಗೇ ಬಿತ್ತು. ಅಂಪೈರುಗಳು ಇಬ್ಬರು, ಮೈದಾನದ ಒಂದೊಂದು ಅರ್ಧಕ್ಕೆ ಒಬ್ಬೊಬ್ಬರು. ಒಬ್ಬ ಹೊರಗಿನಿಂದ ಬಂದ ತರುಣ. ಇನ್ನೊಬ್ಬರು ನಮ್ಮ ಊರಿನ ಪಿ.ಟಿ. ಮಾಸ್ತರರು. ಶಾಲೆಯಿಂದ ರಿಟೈರ್ ಆಗಿದ್ದರು. ನಮ್ಮ ತಂಡದ ಅರ್ಧ ಹುಡುಗರಿಗೆ ಸ್ಟಿಕ್ ಹಿಡಿಯಲು ಕಲಿಸಿದವರು ಅವರೇ. ಹಣೆಗೆ ವಿಭೂತಿ, ಕಾಲಿಗೆ ತೊಳೆದು ಬೆಳ್ಳಗೆ ಮಾಡಿದ ಕ್ಯಾನ್ವಾಸ್ ಬೂಟು. ಜೀವನದಲ್ಲಿ ಅವರಿಗೆ ಇದ್ದ ಒಂದೇ ಹೆಮ್ಮೆ, ತಮ್ಮ ಸೀಟಿ ಸುಳ್ಳು ಊದಿಲ್ಲ ಎನ್ನುವುದು. ಒಮ್ಮೆ ಸ್ವಂತ ಮಗ ಆಡುತ್ತಿದ್ದ ತಂಡದ ಗೋಲನ್ನೇ ರದ್ದು ಮಾಡಿದ್ದಕ್ಕೆ, ಮಗ ಮೂರು ದಿನ ಮನೆಯಲ್ಲಿ ಮಾತು ಬಿಟ್ಟಿದ್ದನಂತೆ. ಅದನ್ನು ಹೇಳುವಾಗ ಅವರ ಮುಖ ಅರಳುತ್ತಿತ್ತು. ಆದರೆ ಅವರು ಹುಟ್ಟಿದ್ದು ಹಳಿಯಾಳದ ಪಕ್ಕದ ಹಳ್ಳಿಯಲ್ಲಿ. ಆ ದಿನ ಸಂಜೆಯ ತನಕ ಅದು ಯಾರಿಗೂ ನೆನಪಿರಲಿಲ್ಲ.

ಒಂದು ಗೋಲಿನಿಂದ ಹಿಂದಿದ್ದೆವು. ಕೆಲವೇ ನಿಮಿಷ ಉಳಿದಿದ್ದವು. ಹಾಕಿ ನೋಡದವರಿಗಾಗಿ ಒಂದು ಮಾತು: ಗೋಲಿನ ಮುಂದೆ ಸುಣ್ಣದಲ್ಲಿ ಎಳೆದ ಅರ್ಧಚಂದ್ರದಂಥ ಗೆರೆ ಇರುತ್ತದೆ. ಹೊಡೆಯುವ ತಂಡದವರ ಸ್ಟಿಕ್ಕು ಆ ಗೆರೆಯ ಒಳಗೆ ಚೆಂಡಿಗೆ ತಾಗಿದರೆ ಮಾತ್ರ ಗೋಲು. ಹೊರಗಿನಿಂದ ಹೊಡೆದದ್ದು ಯಾರಿಗೂ ತಾಗದೆ ನೇರ ಒಳಗೆ ಹೋದರೆ ಲೆಕ್ಕಕ್ಕಿಲ್ಲ. ನಮ್ಮ ಏಳನೇ ನಂಬರಿನವನು ಗೆರೆಯ ಹೊರಗಿನಿಂದ ಜೋರಾಗಿ ಹೊಡೆದ. ಒಂಬತ್ತನೇ ನಂಬರಿನವನು, ಜೊಯಿಡಾ ಕಡೆ ರೆಸಾರ್ಟಿನಲ್ಲಿ ಬೋಟು ನಡೆಸುವ ಇಪ್ಪತ್ತು ವರ್ಷದ ಹುಡುಗ, ಒಳಗೆ ನುಗ್ಗಿ ಸ್ಟಿಕ್ ಚಾಚಿ ಬಿದ್ದ. ಚೆಂಡು ಗೋಲ್‌ಕೀಪರನ ಕಾಲ ಸಂದಿಯಿಂದ ಬಂದು ಬಲೆಗೆ ಬಡಿಯಿತು. ಬಲೆ ನನ್ನ ಮೊಣಕಾಲಿಗೆ ತಾಗಿತು.

ನಾನು ನೋಡಿದೆ. ಚೆಂಡಿಗೂ ಆ ಹುಡುಗನ ಸ್ಟಿಕ್ಕಿಗೂ ನಡುವೆ ಒಂದು ಗೇಣು ಜಾಗವಿತ್ತು. ಆ ಜಾಗದಲ್ಲಿ ಹುಲ್ಲು ಕಾಣುತ್ತಿತ್ತು.

ಮಾಸ್ತರರು ಗೋಲಲ್ಲ ಎಂದು ಕೈ ಮಾಡಿದರು. ಒಂಬತ್ತನೇ ನಂಬರಿನವನು ಎದ್ದು, ನನ್ನ ಸ್ಟಿಕ್ಕಿಗೆ ತಾಗಿದೆ ಎಂದು ಸ್ಟಿಕ್ ಬಡಿದು ತೋರಿಸಿದ. ಜನ ಒಳಗೆ ನುಗ್ಗಿದರು. ಹೊರಗಿನ ಅಂಪೈರನನ್ನು ಕೇಳಿದರೆ, ಅದು ನನ್ನ ಕಡೆಯ ಅರ್ಧ ಅಲ್ಲ ಎಂದು ಕೈ ತೊಳೆದುಕೊಂಡ. ಅದೇ ಸ್ಕೋರಿಗೆ ಆಟ ಮುಗಿಯಿತು, ಕಪ್ಪು ಹಳಿಯಾಳಕ್ಕೆ ಹೋಯಿತು.

ಚಹಾದಂಗಡಿಯಲ್ಲಿ ಆ ಸಂಜೆ ಯಾರಿಗೂ ಆಟಗಾರರು ಬೇಕಿರಲಿಲ್ಲ. ಎರಡು ಗೋಲು ಬಿಟ್ಟ ಗೋಲ್‌ಕೀಪರನಿಗೂ ಏಳು ಹಾಕಿದರು. ಒಬ್ಬನ ಮೊಬೈಲಿನಲ್ಲಿ ವಿಡಿಯೋ ಇತ್ತು. ಅದನ್ನು ನಿಧಾನ ಮಾಡಿ, ನಿಲ್ಲಿಸಿ, ಹಿಗ್ಗಿಸಿ ಮತ್ತೆ ಮತ್ತೆ ನೋಡಿದೆವು. ಬೇಕಾದ ಕ್ಷಣಕ್ಕೆ ಸರಿಯಾಗಿ ಹಳಿಯಾಳದ ಫುಲ್‌ಬ್ಯಾಕ್ ಆಟಗಾರನ ಬೆನ್ನು ಅಡ್ಡ ಬಂದಿತ್ತು. ಮಾಸ್ತರರು ತಮ್ಮೂರಿಗೆ ಕಪ್ಪು ಕೊಟ್ಟರು ಎಂಬ ಮಾತು ಯಾರ ಬಾಯಿಂದ ಮೊದಲು ಬಂತೋ, ಐದು ನಿಮಿಷದಲ್ಲಿ ಅದು ಎಲ್ಲರ ಮಾತಾಗಿತ್ತು.

ಆಗ ಮಾಸ್ತರರು ತಾವೇ ಬಂದರು. ಬಾರದಿದ್ದರೆ ಚೆನ್ನಾಗಿತ್ತು. ಯಾರೂ ಕೂಡ್ರಿ ಎನ್ನಲಿಲ್ಲ. ಅವರು ನೇರ ನನ್ನ ಮುಂದೆ ಬಂದು ನಿಂತರು.

“ಗೋಲಿನ ಹಿಂದ ನೀವ ನಿಂತಿದ್ರಿ. ಚೆಂಡು ಆ ಹುಡುಗನ ಸ್ಟಿಕ್ಕಿಗೆ ಬಡೀತೇನ್ರಿ? ನೀವು ಹೌದಂದ್ರ ನಾ ಒಪ್ಪತೇನಿ.”

ಇಲ್ಲ ಸರ್, ಬಡಿಯಲಿಲ್ಲ. ಇಷ್ಟೇ ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ, “ನಮ್ಮ ಹಳಿಯಾಳದ ಅಳಿಯಾರು ಏನಂತಾರ ನೋಡೂಣು,” ಎಂದ. ಎಲ್ಲರೂ ನಕ್ಕರು.

“ಬಡೀತ್ರಿ ಸರ,” ಎಂದೆ. “ಸಪ್ಪಳಾನೂ ಕೇಳಿಸ್ತು.”

ಸಪ್ಪಳದ ಮಾತು ಯಾಕೆ ಸೇರಿಸಿದೆ? ಯಾರೂ ಕೇಳಿರಲಿಲ್ಲ. ಸುಳ್ಳು ಹೇಳುವವನಿಗೆ ಒಂದು ಸುಳ್ಳು ಸಾಲುವುದಿಲ್ಲ, ಅದಕ್ಕೊಂದು ಊರುಗೋಲು ಬೇಕಾಗುತ್ತದೆ. ಮಾಸ್ತರರು “ಹೌದಾ” ಎಂದರು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಹಾಕಿಕೊಂಡು ಹೊರಟುಹೋದರು. ಬಾಗಿಲ ಮೇಲೆ ಅಂಪೈರನಿಗೆ ಸೊನ್ನೆ ಬಿತ್ತು. ನನಗೆ ಯಾರೋ ಬಿಸಿ ಮಿರ್ಚಿ ಭಜಿ ಕೊಡಿಸಿದರು. ಬೆನ್ನು ತಟ್ಟಿದರು. ನಾಚಿಕೆಗೆಟ್ಟವನು, ತಿಂದೆ.

ಮುಂದೆ ಆದದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಗೋಲಿನ ಹಿಂದೆ ನಿಂತವನೇ ಹೇಳಿದ್ದಾನೆ ಎಂದು ವಾಟ್ಸಾಪ್ ಗ್ರೂಪುಗಳಲ್ಲಿ ಸುದ್ದಿ ಹೋಯಿತು. ಮಾಸ್ತರರು ಸಂತೆಗೆ ಹೋದರೆ ಬೆನ್ನ ಹಿಂದೆ ಸೀಟಿ ಹೊಡೆಯುತ್ತಿದ್ದರು. ಅವರು ತಿರುಗಿ ನೋಡಿದರೆ ಎಲ್ಲರೂ ತರಕಾರಿ ಆರಿಸುತ್ತಿರುತ್ತಿದ್ದರು. ರವಿವಾರ ಬೆಳಿಗ್ಗೆ ಸಣ್ಣ ಮಕ್ಕಳಿಗೆ ಪುಕ್ಕಟೆ ಹಾಕಿ ಹೇಳಿಕೊಡುತ್ತಿದ್ದರು. ಮೂವತ್ತು ಮಕ್ಕಳಿದ್ದದ್ದು ಎಂಟಾಯಿತು, ಆಮೇಲೆ ಇಬ್ಬರು ಹುಡುಗಿಯರು ಮಾತ್ರ ಉಳಿದರು. ನಾನು ಶಿಫ್ಟಿಗೆ ಹೋಗುವ ದಾರಿ ಆ ಮೈದಾನದ ಪಕ್ಕದ್ದೇ. ದಾರಿ ಬದಲಿಸಿದೆ. ಜನ ಮರೆಯುತ್ತಾರೆ ಎಂದು ದಿನಾ ನನಗೆ ನಾನೇ ಹೇಳಿಕೊಂಡೆ.

ಮಾಸ್ತರರು ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು ಎಂದು ಕೇಳಿದೆ. ಅವರ ವಯಸ್ಸಿನ ಯಾರ ಕಣ್ಣು ನೋಡಿದರೂ ಸ್ವಲ್ಪ ಪೊರೆ ಇದ್ದೇ ಇರುತ್ತದೆ. ಅವರಿಗೆ ಅಷ್ಟು ಸಾಕಾಯಿತು. ತಂಡ ಮತ್ತೆ ಪ್ರಾಕ್ಟೀಸ್ ಶುರು ಮಾಡಿದ ದಿನ ಮೈದಾನಕ್ಕೆ ಬಂದರು. ನಾವೆಲ್ಲ ಅಂಚಿನಲ್ಲಿ ನಿಂತಿದ್ದೆವು. ಒಂಬತ್ತನೇ ನಂಬರಿನ ಹುಡುಗನನ್ನು ಕರೆದು, ಎಲ್ಲರಿಗೂ ಕೇಳುವಂತೆ, “ತಮ್ಮಾ, ಅವತ್ತ ನಿನ್ನ ಗೋಲು ನಾ ಕಸಗೊಂಡೆ. ನನ್ನ ಕಣ್ಣು ತಪ್ಪಿತ್ತು. ಮನಸಿನ್ಯಾಗ ಇಟ್ಕೋಬ್ಯಾಡ,” ಎಂದು ಕೈ ಮುಗಿದರು.

ಕಲಿಸಿದ ಗುರು ಶಿಷ್ಯನಿಗೆ ಕೈ ಮುಗಿದರು. ಆ ಹುಡುಗ ನೆಲ ನೋಡಿದ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಇಡೀ ಮೈದಾನದಲ್ಲಿ ಖರೆ ಏನೆಂದು ಗೊತ್ತಿದ್ದವರು ನಾವಿಬ್ಬರೇ. ಅವನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅವನಿಗೆ ಇಪ್ಪತ್ತು ವರ್ಷ, ಕ್ಷಮಿಸಬಹುದು. ನಾನು ಐವತ್ತು ದಾಟಿದವನು. ಸಂಜೆ ಅಂಗಡಿಯಲ್ಲಿ, ಮನುಷ್ಯ ತಪ್ಪು ಒಪ್ಪಿಕೊಂಡಿದ್ದಾನೆ, ನಾಲ್ಕು ಮಾರ್ಕು ಕೊಡೋಣ ಎಂದು ತೀರ್ಮಾನವಾಯಿತು. ಸೀಮೆಸುಣ್ಣ ನನ್ನ ಕೈಗೇ ಕೊಟ್ಟರು. ಸೊನ್ನೆ ಒರೆಸಿ ನಾಲ್ಕು ಬರೆದೆ.

ಸ್ವಲ್ಪ ದಿನಕ್ಕೆ ಮಾಸ್ತರರು ಊರು ಬಿಟ್ಟು ಮುಂಡಗೋಡದ ಮಗಳ ಮನೆಗೆ ಹೋದರು. ಆಮೇಲೆ ನನಗೆ ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ. ಕೊನೆಗೊಂದು ದಿನ ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಿದಳು.

“ನಮ್ಮೂರ ಹೆಸರ ತಗೊಂಡು ನಾಕ ಮಂದಿ ನಕ್ಕಾರಂತ ಆ ಹಿರ್ಯಾರ ಮರ್ಯಾದಿ ತಗದ್ರೇನ್ರಿ? ಹೋಗ್ರಿ, ಹೇಳಿ ಬರ್ರಿ.”

ವಾರದ ರಜೆಯ ದಿನ ಹೊರಟೆ. ಬಸ್ಸು ಬದಲಿಸಿ ಮುಂಡಗೋಡ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಕೆಡವಿದೆ. ಮಗಳು ಬಾಗಿಲು ತೆಗೆದಳು. ಟಿವಿಯಲ್ಲಿ ನಮ್ಮ ದೇಶದ ತಂಡದ ಆಟ ನಡೆದಿತ್ತು. ಯಾವುದೋ ಗೋಲಿಗೆ ತಕರಾರು ಬಂದು, ಅದನ್ನೇ ನಿಧಾನವಾಗಿ ತಿರುಗಿ ತೋರಿಸುತ್ತಿದ್ದರು. ಮಾಸ್ತರರು ಕುರ್ಚಿಯಲ್ಲಿದ್ದರು. ಮೊದಲು ಟಿವಿಗೇ ಕೂಗಿ ತೀರ್ಪು ಹೇಳುತ್ತಿದ್ದರಂತೆ. ಈಗ ಇಂಥದ್ದು ಬಂದರೆ ತಮಗೆ ಕಾಣುವುದಿಲ್ಲ ಎಂದು ಮುಖ ತಿರುಗಿಸುತ್ತಾರೆ ಎಂದು ಮಗಳು ಮೆಲ್ಲಗೆ ಹೇಳಿದಳು.

ನಾನು ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ. ಒಂದು ಗೇಣು ಜಾಗ, ಹುಲ್ಲು, ಅಳಿಯಾರು ಎಂದು ನಕ್ಕದ್ದು, ನನ್ನ ಸುಳ್ಳು. ನಿಮ್ಮ ಕಣ್ಣು ತಪ್ಪಿರಲಿಲ್ಲ ಸರ್ ಎಂದೆ. ಊರಿಗೆ ಬನ್ನಿ, ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಹೇಳುತ್ತೇನೆ ಎಂದೆ. ಹೇಳುತ್ತ ಅತ್ತುಬಿಟ್ಟೆ. ಅವರು ಪೂರ್ತಿ ಕೇಳಿದರು. ಅವರ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಕಾಯ್ದೆ. ಬೈಯಲಿ, ಹೊಡೆಯಲಿ ಎನ್ನಿಸಿತ್ತು.

“ನನ್ನ ಸಮಾಧಾನಕ್ಕಂತ ಇಷ್ಟ ದೂರ ಬಂದ್ರಿ,” ಎಂದರು. “ನೀವು ಭಾಳ ಚಲೋ ಮಂದಿ.”

“ಸಮಾಧಾನಕ್ಕಲ್ರಿ ಸರ. ಖರೇನ ಬಡೀಲಿಲ್ಲ. ನಾ ಸುಳ್ಳ ಹೇಳಿದ್ದೆ.”

“ಸುಳ್ಳ ಹೇಳಾವ್ರು ಸಪ್ಪಳಾ ಕೇಳಿಸ್ತು ಅಂತ ಹೇಳಂಗಿಲ್ರಿ. ನಾನೂ ಕಣ್ಣ ಮುಚ್ಚಿ ನೆನಸಿ ನೆನಸಿ ನೋಡೀನಿ. ಮೊದಲ ಕೇಳಿಸ್ತಿರಲಿಲ್ಲ. ಈಗ ನನಗೂ ಆ ಸಪ್ಪಳ ಕೇಳಿಸ್ತೈತಿ.”

ಇನ್ನೂ ಏನೇನೋ ಹೇಳಿದೆ. ಅವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡು, ಅಳಬೇಡಿ ಎಂದು ನನಗೇ ಸಮಾಧಾನ ಮಾಡಿದರು.