ಕಾಫಿ ಕುಡಿಯದ ಅತಿಥಿ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಮೂವತ್ತು ಹತ್ತಿರವಾದರೂ ನಾನು ಇವತ್ತಿನವರೆಗೆ ಒಂದು ಗುಟುಕು ಕಾಫಿ ಕುಡಿದವಳಲ್ಲ. ಟೀ ಕೂಡ ಇಲ್ಲ. ಹೀಗೆಂದ ಕೂಡಲೇ ಎದುರಿನವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಏನಾದ್ರೂ ಹೆಲ್ತ್ ಪ್ರಾಬ್ಲಮ್ಮಾ?" ಎಂದು ಮೆಲ್ಲಗೆ ಕೇಳುತ್ತಾರೆ. ಆರೋಗ್ಯ ಗಟ್ಟಿಯಾಗಿದೆ, ಧರ್ಮದಲ್ಲಿ ನಿಷೇಧ ಎಂದರೆ ಇನ್ನೂ ಗಾಬರಿಯಾಗುತ್ತಾರೆ. ಕಾಫಿಯನ್ನು ಬೇಡ ಅನ್ನುವ ದೇವರನ್ನು ಕನ್ನಡಿಗರು ಅಷ್ಟು ಸುಲಭವಾಗಿ ನಂಬುವುದಿಲ್ಲ, ಅವರದೇನೂ ತಪ್ಪಿಲ್ಲ.

ನಾನು ಮಾರ್ಮನ್. ಹಾಗೆ ಚುಟುಕಾಗಿ ಕರೆಯಬೇಡಿ, ಪೂರ್ತಿ ಹೆಸರು ಹೇಳಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಆ ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮೆಟ್ರೋದಲ್ಲಿ ಕೇಳಿದವರು ಇಳಿದು ಹೋಗಿರುತ್ತಾರೆ. ಯೇಸುವನ್ನು ನಂಬುವ ಪಂಗಡಗಳಲ್ಲಿ ನಮ್ಮದೂ ಒಂದು ಅಂದುಕೊಳ್ಳಿ. ನಾನು ಒಂಬತ್ತು ವರ್ಷದವಳಿದ್ದಾಗ ಅಮ್ಮ ಈ ಸಭೆ ಸೇರಿದಳು, ಅವಳ ಸೆರಗು ಹಿಡಿದು ನಾನೂ ಹೋದೆ. ಅಪ್ಪ ಬಸ್ ಕಂಡಕ್ಟರ್. "ನೀವು ಯಾವ ದೇವರನ್ನಾದ್ರೂ ಹಿಡ್ಕೊಳ್ರಪ್ಪ, ನನ್ನ ಕಾಫಿ ಲೋಟದ ತಂಟೆಗೆ ಮಾತ್ರ ಬರಬೇಡಿ" ಎಂದು ಒಂದೇ ಷರತ್ತು ಹಾಕಿ ಸುಮ್ಮನಾದ. ಹಾಗಾಗಿ ನಮ್ಮ ಮನೆಯಲ್ಲಿ ಕಾಫಿಯ ವಾಸನೆ ಎಲ್ಲರಿಗೆ, ಕಾಫಿ ಒಬ್ಬನಿಗೆ.

ನಮ್ಮ ಸಭೆಯ ಹುಡುಗ ಹುಡುಗಿಯರು ಪ್ರಾಯಕ್ಕೆ ಬಂದಾಗ ಕೆಲವು ಕಾಲ ಊರು ಬಿಟ್ಟು ದೇವರ ಕೆಲಸಕ್ಕೆ ಹೋಗುವ ಪದ್ಧತಿ ಇದೆ. ಅದಕ್ಕೆ ಮಿಷನ್ ಎನ್ನುತ್ತಾರೆ. ಹುಡುಗಿಯರಿಗೆ ಹದಿನೆಂಟು ತಿಂಗಳು. ಎಲ್ಲಿಗೆ ಎಂದು ನಾವು ಆರಿಸುವಂತಿಲ್ಲ, ಹೇಳಿದ ಕಡೆ ಹೋಗಬೇಕು. ಇಪ್ಪತ್ತೆರಡನೇ ವಯಸ್ಸಿನಲ್ಲಿ ನನಗೆ ದೆಹಲಿ ಎಂದು ಬಂತು. ಅಮ್ಮ ಕಣ್ಣೀರು ಹಾಕಿಕೊಂಡು ಸ್ವೆಟರ್ ಕೊಂಡಳು. ನಾನು ಏಪ್ರಿಲ್ ಕೊನೆಗೆ ದೆಹಲಿಯಲ್ಲಿ ಇಳಿದೆ. ಸ್ವೆಟರ್ ಪೆಟ್ಟಿಗೆಯ ತಳದಲ್ಲೇ ಬೆವರುತ್ತಾ ಕೂತಿತ್ತು.

ನಿಮಗೆ ಮಿಷನರಿ ಎಂದರೆ ಬಾಗಿಲು ಬಾಗಿಲಿಗೆ ಹೋಗಿ ಬೆಲ್ ಒತ್ತುವ ಚಿತ್ರ ಕಣ್ಣಿಗೆ ಬರಬಹುದು. ನಾವು ಹಾಗೆ ಮಾಡುವಂತಿರಲಿಲ್ಲ. ಗೊತ್ತಿದ್ದವರ ಮನೆಗೆ ಹೋಗಬಹುದು, ಕಾಯಿಲೆಯವರನ್ನು ನೋಡಬಹುದು, ಇಂಗ್ಲಿಷ್ ಹೇಳಿಕೊಡಬಹುದು. ದೇವರ ವಿಷಯ ಮಾತ್ರ ಎದುರಿನವರು ತಾವಾಗಿ ಕೇಳಿದರೆ ಹೇಳಬೇಕು. ದೆಹಲಿಯಲ್ಲಿ ಯಾರು ಕೇಳುತ್ತಾರೆ? ದೆಹಲಿಯವರು ಕೇಳುವುದು ಬಾಡಿಗೆ ಎಷ್ಟು, ಮದುವೆ ಆಗಿದೆಯಾ, ಅಷ್ಟೇ. ನಾನೂ ನನ್ನ ಜೊತೆಗಾತಿಯೂ ಲಕ್ಷ್ಮೀ ನಗರದ ಕೋಣೆಯಿಂದ ಬೆಳಿಗ್ಗೆ ಹೊರಟು, ಮೆಟ್ರೋ ಹತ್ತಿ ಇಳಿದು, ಬಿಸಿಲಲ್ಲಿ ನಡೆದು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೊತ್ತುಕೊಂಡು ತಿರುಗುತ್ತಿದ್ದೆವು. ಕಾಲಿನ ನೋವು ಹೇಗೋ ತಡೆದುಕೊಳ್ಳಬಹುದು. ದಿನವಿಡೀ ನಗುಮುಖ ಇಟ್ಟುಕೊಳ್ಳುವ ಸುಸ್ತಿದೆಯಲ್ಲ, ಅದಕ್ಕೆ ಯಾವ ಮುಲಾಮೂ ಇಲ್ಲ. ಸಂಜೆ ಹೊತ್ತಿಗೆ ಕೆನ್ನೆ ಜೋಮು ಹಿಡಿದಿರುತ್ತಿತ್ತು.

ಜೊತೆಗಾತಿ ಎಂದೆನಲ್ಲ, ಅವಳು ಸಿಸ್ಟರ್ ರತ್ನಂ, ರಾಜಮಂಡ್ರಿಯವಳು. ಮಿಷನರಿ ಒಬ್ಬಳೇ ಇರುವಂತಿಲ್ಲ. ಜೊತೆಗಾತಿ ಯಾವಾಗಲೂ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು. ಸ್ನಾನಕ್ಕೆ ಮಾತ್ರ ರಿಯಾಯಿತಿ. ಗಂಡಹೆಂಡಿರಿಗೂ ಇಂಥ ಶಿಕ್ಷೆ ಯಾರೂ ಕೊಟ್ಟಿಲ್ಲ. ರತ್ನಂ ನಿಯಮ ಪುಸ್ತಕವನ್ನು ಕಂಠಪಾಠ ಮಾಡಿದ್ದಳು. ನಾನು ಮುಖಪುಟ ಚೆನ್ನಾಗಿ ಓದಿದ್ದೆ. ನಮ್ಮ ಸಂಸಾರ ಹಾಗೇ ಸಾಗಿತ್ತು.

ಸೋಮವಾರ ನಮಗೆ ಬಿಡುವು. ಬಟ್ಟೆ ಒಗೆಯುವುದು, ತರಕಾರಿ ತರುವುದು, ಮನೆಗೆ ಫೋನ್ ಮಾಡುವುದು ಎಲ್ಲ ಅವತ್ತೇ. ಅಂಥ ಒಂದು ಸೋಮವಾರ ಲೋಧಿ ಕಾಲೋನಿಯಲ್ಲಿ ಸಭೆಯ ಅಜ್ಜಿಯೊಬ್ಬರನ್ನು ನೋಡಿಕೊಂಡು ಬರುವಾಗ, ತರಕಾರಿ ಗಾಡಿಯ ಪಕ್ಕ ನಿಂತು ಅಮ್ಮನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ನುಗ್ಗೆಕಾಯಿ ಆರಿಸುತ್ತಿದ್ದ ಹೆಂಗಸೊಬ್ಬರು ಗಾಡಿಯವನಿಗೆ "ಭಯ್ಯಾ, ಏಕ್ ಮಿನಿಟ್" ಎಂದು ಹೇಳಿ ನನ್ನ ಕಡೆ ತಿರುಗಿದರು.

"ನಮ್ ಕಡೆಯವಳೇನವ್ವ?"

ಆಹಾ! ಐದು ತಿಂಗಳಾಗಿತ್ತು ಎದುರೆದುರು ಕನ್ನಡ ಕೇಳಿ. ಅವರು ಜಯಮ್ಮ. ಕೊಳ್ಳೇಗಾಲದ ಕಡೆಯವರು. ಯಜಮಾನರು ಸಿದ್ದಯ್ಯ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಸೆಕ್ಷನ್ ಆಫೀಸರ್ ಆದವರು. ಮಗಳು ನಿಶಾ ಕಾಲೇಜಿಗೆ ಹೋಗುತ್ತಿದ್ದಳು. ಮುಂದಿನ ಗುರುವಾರ ಸಂಜೆ ನೀನೂ ನಿನ್ನ ಜೊತೆಯವಳೂ ಮನೆಗೆ ಬರಲೇಬೇಕು ಎಂದು ನನ್ನ ಕೈಹಿಡಿದು ಹೇಳಿದರು. ಅಷ್ಟು ತಿಂಗಳಲ್ಲಿ ಆ ಊರಿನಲ್ಲಿ ನನ್ನನ್ನು ತಾನಾಗಿ ಕರೆದ ಮೊದಲ ಮನೆ ಅದು. ಖುಷಿಗೆ ನಾನು ನುಗ್ಗೆಕಾಯಿಯನ್ನು ಆರಿಸದೆಯೇ ಕೊಂಡೆ.

ಗುರುವಾರ ಹೋದೆವು. ಸರ್ಕಾರಿ ಕ್ವಾರ್ಟರ್ಸ್, ಹಳೆಯ ಎತ್ತರದ ಚಾವಣಿ, ಕಿಟಕಿಯಾಚೆ ಬೇವಿನ ಮರ. ಸಿದ್ದಯ್ಯನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದರು. ಜಯಮ್ಮ ಫಿಲ್ಟರ್ ಕಾಫಿ ತಂದರು.

"ಬೇಡ ಆಂಟಿ" ಎಂದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮವರಲ್ಲಿ ಮೊದಲ "ಬೇಡ"ಕ್ಕೆ ಬೆಲೆ ಇಲ್ಲ ಎಂಬುದು ನಿಮಗೂ ಗೊತ್ತು. ಮೊದಲನೆಯದು ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೆಯದಕ್ಕೆ ಲೋಟ ಕೈಯಲ್ಲೇ ಇರುತ್ತದೆ. ಈ ಉಪಚಾರದ ಶಾಸ್ತ್ರವನ್ನು ಯಾರೂ ಬರೆದಿಟ್ಟಿಲ್ಲ, ಆದರೆ ತಪ್ಪಿದವರನ್ನು ಯಾರೂ ಬಿಟ್ಟಿಲ್ಲ. ಜಯಮ್ಮ ಎರಡು ಸಲ ಹೇಳಿದರು, ನಾನು ಎರಡು ಸಲ ಬೇಡ ಎಂದೆ. "ಹಂಗಾದ್ರೆ ಟೀ ಮಾಡ್ಲಾ?" ಎಂದರು. ಅದೂ ಬೇಡ ಎಂದೆ. "ನೀರಾದ್ರೂ ಕುಡಿಯವ್ವ" ಎಂದು ಸ್ಟೀಲ್ ಲೋಟದಲ್ಲಿ ನೀರು ತಂದಿಟ್ಟರು. ಹೋದ ಕಡೆಯೆಲ್ಲ ನೀರು ಕುಡಿದು ಹೊಟ್ಟೆ ಕೆಡಿಸಿಕೊಳ್ಳಬೇಡಿ, ನಿಮ್ಮ ಬಾಟಲಿ ನಿಮ್ಮ ಬಳಿ ಇರಲಿ ಎಂದು ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ನನಗೋ ಬಾಯಾರಿ ಗಂಟಲು ಒಣಗಿತ್ತು. ಕೈ ತನ್ನಷ್ಟಕ್ಕೆ ಚೀಲದೊಳಗೆ ಹೋಯಿತು. ಅವರ ಲೋಟದ ಎದುರಿಗೇ ನನ್ನ ಬಾಟಲಿ ತೆಗೆದು ಗಟಗಟ ಕುಡಿದುಬಿಟ್ಟೆ.

ಸಿದ್ದಯ್ಯನವರು ಆಮೇಲೆ ಹೆಚ್ಚು ಮಾತಾಡಲಿಲ್ಲ. ಯಾಕೋ ಸುಸ್ತಾಗಿದ್ದಾರೆ ಅಂದುಕೊಂಡು ನಾವು ಎದ್ದು ಬಂದೆವು. ಮರುವಾರ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅದರ ಮರುವಾರವೂ ಇಲ್ಲ. ಕೊನೆಗೊಂದು ದಿನ ಬಸ್ ಸ್ಟಾಪಿನಲ್ಲಿ ನಿಶಾ ಸಿಕ್ಕಳು. ಮೊದಲು ಮುಖ ತಿರುಗಿಸಿದಳು, ಆಮೇಲೆ ತಡೆಯಲಾರದೆ ಹೇಳಿಯೇಬಿಟ್ಟಳು.

"ಅಕ್ಕಾ, ಪಾಪಾಗೆ ಬಹುತ್ ಬುರಾ ಲಗಾ, ತುಂಬಾ ನೋವಾಯ್ತು. ನಾವು ದಲಿತರು. ಪಾಪಾ ಆಫೀಸಿನವರು ಮನೆಗೆ ಬಂದ್ರೆ ಎಲ್ರೂ ಹಿಂಗೇ ಮಾಡ್ತಾರೆ. ಈಗಷ್ಟೇ ಕಾಫಿ ಆಯ್ತು, ಹೊಟ್ಟೆ ತುಂಬಿದೆ, ಐಸಾ ಹೀ ಕುಛ್. ಆದ್ರೆ ತಮ್ಮ ನೀರು ತಾವೇ ತಂದವರು ಯಾರೂ ಇಲ್ಲ. ಯೂ ವರ್ ದ ಫಸ್ಟ್."

ನಾಚಿಕೆಯಿಂದ ಸತ್ತೇಹೋದೆ. ಎಲ್ಲರೂ ದೇವರ ಮಕ್ಕಳು ಎಂದು ಹೇಳಲು ಎರಡು ಸಾವಿರ ಕಿಲೋಮೀಟರ್ ಬಂದವಳು ನಾನು! ಯಾರೂ ನನ್ನ ಮಾತು ಕೇಳುವುದಿಲ್ಲ, ಎಲ್ಲರೂ ನನ್ನನ್ನು ಬೇಡ ಅನ್ನುತ್ತಾರೆ ಎಂದು ಪ್ರತಿ ಸೋಮವಾರ ಅಮ್ಮನ ಹತ್ತಿರ ಗೋಳಾಡುತ್ತಿದ್ದೆ. ಒಂದೇ ಸಂಜೆಯಲ್ಲಿ ಒಂದೇ ಮನೆಯಲ್ಲಿ ನಾಲ್ಕು ಸಲ ಬೇಡ ಎಂದು ಬಂದವಳ ವಿಷಯ ನನಗೆ ಹೊಳೆದೇ ಇರಲಿಲ್ಲ.

ಅವತ್ತೇ ನಿಶಾಳ ಹಿಂದೆ ಹೋದೆವು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಕಾಫಿ ಟೀ ನಮ್ಮಲ್ಲಿ ನಿಷೇಧ, ಬಾಟಲಿ ನನ್ನ ಮೂರ್ಖತನ ಎಂದೆ. ಅಳುವೂ ಬಂತು. ಸಿದ್ದಯ್ಯನವರು ಕೊನೆಯವರೆಗೂ ಕೇಳಿಸಿಕೊಂಡರು.

"ಅಲ್ಲ ಕಣಮ್ಮ, ಇಂಥಾ ಸಬೂಬು ಬೇಕಾದಷ್ಟು ಕೇಳಿದೀನಿ. ಒಬ್ಬರಿಗೆ ಶುಗರ್ರು, ಒಬ್ಬರಿಗೆ ಅಸಿಡಿಟಿ. ನಿಮ್ಮದೊಂದು ಹೊಸಾದು" ಎಂದರು. ಆಮೇಲೆ, "ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ. ಊಟ ನಿಷೇಧ ಇಲ್ವಲ್ಲ?" ಎಂದು ಕೇಳಿದರು.

"ಇಲ್ಲ ಅಂಕಲ್, ಖಂಡಿತ ಬರ್ತೀವಿ" ಎಂದೆ.

ಭಾನುವಾರ ಬಂತು. ಪ್ರಾರ್ಥನೆ ಮುಗಿಸಿ ಅವರ ಮನೆ ಮೆಟ್ಟಿಲು ಹತ್ತುವಾಗ ರತ್ನಂ ನನ್ನ ತೋಳು ಹಿಡಿದಳು. "ಸಿಸ್ಟರ್, ಇವತ್ತು ತಿಂಗಳ ಮೊದಲನೇ ಭಾನುವಾರ" ಎಂದಳು. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಉಪವಾಸ. ಎರಡು ಹೊತ್ತು ಅನ್ನವೂ ಇಲ್ಲ, ನೀರೂ ಇಲ್ಲ. ಬೆಳಿಗ್ಗೆಯಿಂದ ಹೊಟ್ಟೆ ಚುರುಗುಟ್ಟುತ್ತಲೇ ಇತ್ತು, ಬುದ್ಧಿಗೆ ಮಾತ್ರ ಉಪವಾಸವನ್ನೂ ಊಟದ ಕರೆಯನ್ನೂ ಜೋಡಿಸಲು ಬಂದಿರಲಿಲ್ಲ. ದಿನ ಒಪ್ಪಿಕೊಂಡವಳು ನಾನೇ!

ಬಾಗಿಲು ತೆರೆದೇ ಇತ್ತು. ಒಳಗಿಂದ ಕೋಳಿ ಸಾರಿನ ವಾಸನೆ. ಊರಿಂದ ತರಿಸಿದ ರಾಗಿ ಹಿಟ್ಟಿನಲ್ಲಿ ಜಯಮ್ಮ ಮುದ್ದೆ ಕಟ್ಟಿದ್ದರು. ತಟ್ಟೆ ಬಡಿಸಿ ಸಿದ್ದಯ್ಯನವರು ನಮ್ಮ ಎದುರು ಕೂತರು. ಅವರ ತಟ್ಟೆಯೂ ಮುಂದಿತ್ತು, ಆದರೆ ಕೈ ತೊಡೆಯ ಮೇಲೇ ಇತ್ತು. ಕಣ್ಣು ನನ್ನ ಕೈಯ ಮೇಲೆ. ರತ್ನಂ ಕೂಡ ನನ್ನನ್ನೇ ನೋಡುತ್ತಿದ್ದಳು. ಉಪವಾಸ ಅಂದರೆ ಅದು ನಿಜ, ಆದರೆ ಆ ಮನೆಯಲ್ಲಿ ಆ ನಿಜಕ್ಕೆ ಸುಳ್ಳಿನದೇ ಮುಖ. ದೇವರಿಗೆ ಕೊಟ್ಟ ಮಾತು ಒಂದು ಕಡೆ, ಎದುರಿಗೆ ಕೂತ ಮನುಷ್ಯ ಇನ್ನೊಂದು ಕಡೆ. ದೇವರೇ, ನಿನ್ನ ಹತ್ತಿರ ಆಮೇಲೆ ಮಾತಾಡುತ್ತೇನೆ ಎಂದುಕೊಂಡು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದೆ. ಅದಕ್ಕೂ ಮೊದಲು ಅವರ ಲೋಟದ ನೀರು ಕುಡಿದೆ, ಪೂರ್ತಿ ಖಾಲಿ ಮಾಡಿದೆ ಎನ್ನುವುದನ್ನೂ ಹೇಳಬೇಕು. ಸಿದ್ದಯ್ಯನವರ ಕೈ ಆಗ ತಟ್ಟೆಗೆ ಬಂತು.

ರತ್ನಂ ಒಂದು ನಿಮಿಷ ಕಣ್ಣು ಮುಚ್ಚಿದಳು. ಆಮೇಲೆ ಅವಳೂ ಕೈಹಾಕಿದಳು. ಮುದ್ದೆಯನ್ನು ಚಪಾತಿಯಂತೆ ಅಗಿಯತೊಡಗಿ ಹಲ್ಲಿಗೆಲ್ಲ ಅಂಟಿಸಿಕೊಂಡು ಪೇಚಾಡಿದಾಗ ಜಯಮ್ಮ, "ಅಗೀಬೇಡ ಕಣವ್ವ, ನುಂಗು, ನಿಗಲ್ ಜಾವೋ!" ಎಂದು ಹಿಂದಿಯಲ್ಲಿ ಕೂಗಿಕೊಂಡರು. ಎಲ್ಲರೂ ನಕ್ಕೆವು. ವಾಪಸು ಬರುವಾಗ ಮೆಟ್ರೋ ಇಳಿಯುವ ಮುಂಚೆ ರತ್ನಂ, "ಉಪವಾಸ ನಾಳೆ ಮಾಡೋಣ" ಎಂದಳು. ಸೋಮವಾರ ಇಬ್ಬರೂ ಹಸಿದುಕೊಂಡು ಬಟ್ಟೆ ಒಗೆದೆವು.

ಆ ಮನೆಯವರು ನಮ್ಮ ಸಭೆ ಸೇರಿದರೇ ಎಂದು ನೀವು ಕೇಳಬಹುದು. ಇಲ್ಲ. ದೇವರ ವಿಷಯ ಅವರು ಕೇಳಲೂ ಇಲ್ಲ. ಆದರೆ ಗುರುವಾರ ತಪ್ಪದೆ ಕರೆಯುತ್ತಿದ್ದರು, ನಿಂಬೆ ಪಾನಕ ಕೊಡುತ್ತಿದ್ದರು. ನನ್ನ ಹದಿನೆಂಟು ತಿಂಗಳು ಮುಗಿಯುವ ಹೊತ್ತಿಗೆ ಸಿದ್ದಯ್ಯನವರು, "ಎಲ್ಲಾ ಸರಿ ಕಣಮ್ಮ, ನಮ್ಮನ್ನ ನಿಮ್ಮ ಮನೆಗೆ ಒಂದಿನಾನೂ ಕರೀಲಿಲ್ವಲ್ಲ" ಎಂದರು. ಮಿಷನರಿ ಹುಡುಗಿಯರ ಕೋಣೆಗೆ ಗಂಡಸರು ಬರುವಂತಿಲ್ಲ. ಮತ್ತೆ ಒಂದು ಬೇಡ! ಈ ಸಲ ಮುಚ್ಚುಮರೆ ಮಾಡದೆ ಹೇಳಿದೆ. "ಅಚ್ಛಾ, ನಿಮ್ಮ ನಿಷೇಧ ಎಲ್ಲಾ ಮುಗಿದ ಮೇಲೆ ಕರೀರಿ" ಎಂದು ನಕ್ಕರು.

ಕರೆದೆ. ಮಿಷನ್ ಮುಗಿಸಿ ಊರಿಗೆ ಹೋದವಳು ಕೆಲವು ವರ್ಷಗಳ ಮೇಲೆ ಕೆಲಸ ಹುಡುಕಿಕೊಂಡು ಮತ್ತೆ ದೆಹಲಿಗೇ ಬಂದೆ. ಈಗ ಲಕ್ಷ್ಮೀ ನಗರದ ಕೋಚಿಂಗ್ ಸೆಂಟರೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟಲು ಹರಿದುಕೊಳ್ಳುತ್ತೇನೆ, ಸುಸ್ತು ಹಳೆಯದೇ. ಹೋದ ತಿಂಗಳು ಸಿದ್ದಯ್ಯನವರು, ಜಯಮ್ಮ ನನ್ನ ಒಂಟಿ ಕೋಣೆಯ ಮನೆಗೆ ಬಂದರು. ಬಿಸಿಬೇಳೆಬಾತ್ ಮಾಡಿದ್ದೆ. ಸ್ವಲ್ಪ ತಳ ಹಿಡಿದಿತ್ತು, ಉಪ್ಪೂ ಒಂದು ಕಲ್ಲು ಮುಂದಾಗಿತ್ತು. ಸಿದ್ದಯ್ಯನವರು ಒಂದು ಸಲ ಹಾಕಿಸಿಕೊಂಡು ತಿಂದರು. ಇನ್ನೊಂದು ಸೌಟು ಎತ್ತಿದಾಗ ತಟ್ಟೆಗೆ ಕೈ ಅಡ್ಡ ಇಟ್ಟು, "ಬೇಡಮ್ಮ, ಹೊಟ್ಟೆ ತುಂಬ್ತು" ಎಂದರು.

ಅದರಲ್ಲೇನೂ ಇರಲಿಲ್ಲ, ವಯಸ್ಸಾದವರ ಹೊಟ್ಟೆ ನಿಜವಾಗಿಯೂ ತುಂಬಿತ್ತು. ಆದರೂ ಚೆನ್ನಾಗಿಲ್ಲವೇನೋ, ನನ್ನ ಕೈಯಡಿಗೆ ಸೇರಲಿಲ್ಲವೇನೋ, ನಾನೇ ಸೇರಲಿಲ್ಲವೇನೋ ಎಂದು ಒಂದು ಕ್ಷಣದಲ್ಲಿ ಏನೇನೋ ಅನ್ನಿಸಿತು. ಒಂದು ಮನೆಯಲ್ಲಿ, ಒಂದು ಸಲ, ನನಗೆ ಇಷ್ಟಾದರೆ! ಸೌಟು ಹಿಡಿದು ಹಾಗೇ ನಿಂತಿದ್ದೆ. ಸಿದ್ದಯ್ಯನವರು ತಲೆಯೆತ್ತಿ ನನ್ನ ಮುಖ ನೋಡಿದರು. ಅವರಿಗೆ ಆ ಮುಖದ ಪರಿಚಯ ಇತ್ತು. ಅಡ್ಡ ಇಟ್ಟ ಕೈ ತೆಗೆದು, ಸೊಂಟದ ಬೆಲ್ಟನ್ನು ಒಂದು ತೂತು ಸಡಿಲಿಸಿ, ತಟ್ಟೆಯನ್ನು ನನ್ನ ಕಡೆ ಸರಿಸಿದರು.